ಒರಟು ಬೆಳ್ಳಿಯ ಮೇಲೆ ರಾಮನ್ ಬೆಳಕು

ರಾಮನ್ ಚದುರಿಕೆ ಹುಟ್ಟಿನಿಂದಲೇ ಕ್ಷೀಣ. ಯಾವುದೇ ವಸ್ತುವಿನ ಮೇಲೆ ಒಂದೇ ಬಣ್ಣದ ಬೆಳಕು ಬಿಟ್ಟರೆ ಅಣುಗಳು ಅದರ ಒಂದು ಪಾಲನ್ನು ಸುತ್ತಲೂ ಚದುರಿಸುತ್ತವೆ. ಚದುರಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಂದ ಬಣ್ಣದಲ್ಲೇ ಹೊರಡುತ್ತದೆ. ಹತ್ತು ಲಕ್ಷ ಫೋಟಾನುಗಳಲ್ಲಿ ಒಂದು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ, ಅಣುವಿನ ಕಂಪನಕ್ಕೆ ಒಂದಿಷ್ಟು ಶಕ್ತಿ ಬಿಟ್ಟುಕೊಟ್ಟೋ ಅದರಿಂದ ಒಂದಿಷ್ಟು ಪಡೆದೋ ಬೇರೆ ಬಣ್ಣದಲ್ಲಿ ಹೊರಬರುತ್ತದೆ. ಈ ಬಣ್ಣದ ವ್ಯತ್ಯಾಸವೇ ಅಣುವಿನ ಗುರುತು. ಬೆಂಜೀನಿನದು ಒಂದು ಬಗೆ, ಪಿರಿಡೀನಿನದು ಇನ್ನೊಂದು. ಗುರುತು ಖಚಿತ, ಆದರೆ ಅದನ್ನು ಹೊತ್ತು ತರುವ ಬೆಳಕು ಅತ್ಯಲ್ಪ. ಇಪ್ಪತ್ತನೇ ಶತಮಾನದ ಕೊನೆಯ ಕಾಲುಭಾಗದಲ್ಲಿ ಈ ಕೊರತೆಯನ್ನು ನೀಗಿಸಿದ್ದು ಬೆಳ್ಳಿ ಮತ್ತು ಚಿನ್ನದ ಒರಟು ಮೇಲ್ಮೈಗಳು. ಆ ಮೇಲ್ಮೈಗಳನ್ನು ಮೊದಲು ಒರಟು ಮಾಡಿದವರ ಉದ್ದೇಶ ಮಾತ್ರ ಬೇರೆಯೇ ಆಗಿತ್ತು.

ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಕಲ್ಕತ್ತೆಯ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್‌ನಲ್ಲಿ 1928ರ ಫೆಬ್ರುವರಿ 28ರಂದು ಈ ಪರಿಣಾಮವನ್ನು ಗುರುತಿಸಿದರು. ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ, ರಾಮನ್ ಅದನ್ನು ಹೊಸ ವಿಕಿರಣವೆಂದು ವಿವರಿಸಿ ಉಪನ್ಯಾಸ ನೀಡಿದರು. ಪಾದರಸದ ದೀಪದ ಬೆಳಕಿನಲ್ಲಿ ಒಂದು ರೋಹಿತವನ್ನು ಫೋಟೋಗ್ರಾಫಿಕ್ ಫಲಕದ ಮೇಲೆ ಮೂಡಿಸಲು ಆಗ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಿತ್ತು. 1930ರ ದಶಕದಲ್ಲಿ ರಸಾಯನ ವಿಜ್ಞಾನಿಗಳು ಇದನ್ನು ಉತ್ಸಾಹದಿಂದ ಬಳಸಿದರೂ ಎರಡನೇ ಮಹಾಯುದ್ಧದ ಹೊತ್ತಿಗೆ ಅಂಗಡಿಯಿಂದ ತಂದು ನಡೆಸಬಹುದಾದ ಅವಕೆಂಪು ರೋಹಿತಮಾಪಕಗಳು ಬಂದವು. ಆ ಮೇಲೆ ರಾಮನ್ ವಿಧಾನ ಬಹುಪಾಲು ಪರಿಣತರ ಕೋಣೆಗಳಲ್ಲೇ ಉಳಿಯಿತು. 1960ರಲ್ಲಿ ಲೇಸರ್ ಬಂದ ಮೇಲೆ, ಮುಖ್ಯವಾಗಿ ಆರ್ಗಾನ್ ಅಯಾನು ಲೇಸರಿನ ಪ್ರಖರ ನೀಲಿ ಮತ್ತು ಹಸಿರು ಕಿರಣಗಳು ಕೈಗೆ ಸಿಕ್ಕ ಮೇಲೆ, ಅದಕ್ಕೆ ಎರಡನೇ ಜೀವ ಬಂತು. ಲೇಸರ್ ಬೀಳುವ ಬೆಳಕನ್ನು ಹೆಚ್ಚಿಸಿತೇ ಹೊರತು, ಬಿದ್ದ ಬೆಳಕಿನಲ್ಲಿ ಅಣು ಬದಲಿಸಿ ಕಳಿಸುವ ಪಾಲನ್ನು ಹೆಚ್ಚಿಸಲಿಲ್ಲ. ದ್ರವ ತುಂಬಿದ ಸೀಸೆಯಲ್ಲಿ ಅಣುಗಳಿಗೆ ಬರವಿಲ್ಲ. ಲೋಹದ ಮೇಲೆ ಒಂದೇ ಪದರವಾಗಿ ಅಂಟಿಕೊಂಡ ಅಣುಗಳನ್ನು ಕಾಣಬೇಕೆಂದರೆ ಆ ಬಡತನ ಮತ್ತೆ ಎದುರಾಗುತ್ತಿತ್ತು.

ಅಂಥ ಪದರವನ್ನೇ ಕಾಣಬೇಕಾದ ಅಗತ್ಯ ವಿದ್ಯುದ್ರಸಾಯನ ವಿಜ್ಞಾನಿಗಳಿಗಿತ್ತು. ವಿದ್ಯುದ್ವಾರದ ಕ್ರಿಯೆಯೆಲ್ಲ ನಡೆಯುವುದು ಲೋಹವೂ ದ್ರಾವಣವೂ ಸಂಧಿಸುವ ಒಂದೆರಡು ಅಣುಗಳಷ್ಟು ದಪ್ಪದ ಗಡಿಯಲ್ಲಿ. ವೋಲ್ಟೇಜು ಮತ್ತು ವಿದ್ಯುತ್ ಪ್ರವಾಹವನ್ನು ಅಳೆದು ಅಲ್ಲಿ ಎಷ್ಟು ಎಲೆಕ್ಟ್ರಾನುಗಳು ಕೈ ಬದಲಾಯಿಸಿದವೆಂದು ಹೇಳಬಹುದಿತ್ತು. ಯಾವ ಅಣು ಹೇಗೆ ಕೂತಿದೆ ಎನ್ನಲು ದಾರಿ ಇರಲಿಲ್ಲ. ನೀರು ಅವಕೆಂಪು ಬೆಳಕನ್ನು ಹೀರಿಬಿಡುವುದರಿಂದ ಆ ವಿಧಾನ ಜಲದ್ರಾವಣದಲ್ಲಿ ಸೋಲುತ್ತಿತ್ತು. ರಾಮನ್ ರೋಹಿತದಲ್ಲಿ ನೀರಿನ ಗೆರೆಗಳು ದುರ್ಬಲ, ಅದರ ಹಿಂದಿರುವುದು ಕಾಣುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ವಿದ್ಯುದ್ರಸಾಯನದ ಮಾರ್ಟಿನ್ ಫ್ಲೈಷ್‌ಮನ್, ರಾಮನ್ ರೋಹಿತಗಳ ಪರಿಣತ ಪ್ಯಾಟ್ರಿಕ್ ಹೆಂಡ್ರಾ, ನ್ಯೂಜಿಲೆಂಡಿನಿಂದ ಬಂದಿದ್ದ ಯುವ ಸಂಶೋಧಕ ಜೇಮ್ಸ್ ಮೆಕ್‌ಕ್ವಿಲನ್ ಈ ಯೋಚನೆಯನ್ನು ಕೈಗೆತ್ತಿಕೊಂಡರು. 1973ರಲ್ಲಿ ಅವರು ಪಾದರಸದ ಹನಿಗಳ ಮೇಲೆ ಮೂಡಿದ ಕ್ಯಾಲೊಮೆಲ್ ಎಂಬ ಪಾದರಸ ಕ್ಲೋರೈಡಿನ ಪದರದ ರೋಹಿತ ಪಡೆದರು. ಮುಂದಿನ ಆಯ್ಕೆ ಬೆಳ್ಳಿ, ಅದರ ಮೇಲೆ ಅಂಟಿಸಲು ಪಿರಿಡೀನ್. ರಾಮನ್ ಬೆಳಕನ್ನು ಚೆನ್ನಾಗಿ ಚದುರಿಸುವ, ವಾಸನೆ ಮಾತ್ರ ಸಹಿಸಲಾಗದ ದ್ರವ ಅದು.

ನಯವಾದ ಬೆಳ್ಳಿಯ ಮೇಲೆ ಹಿಡಿಸುವ ಪಿರಿಡೀನ್ ಸಾಲದೆಂದು ಅವರಿಗೆ ತೋರಿತು. ಪೊಟ್ಯಾಷಿಯಂ ಕ್ಲೋರೈಡ್ ದ್ರಾವಣದಲ್ಲಿ ಬೆಳ್ಳಿಯ ವಿದ್ಯುದ್ವಾರವನ್ನಿಟ್ಟು, ವೋಲ್ಟೇಜನ್ನು ನೂರಾರು ಬಾರಿ ಅತ್ತಿತ್ತ ಓಡಿಸಿದರು. ಒಂದು ಓಟದಲ್ಲಿ ಬೆಳ್ಳಿ ಕರಗಿ ಬೆಳ್ಳಿ ಕ್ಲೋರೈಡ್ ಆಗುತ್ತಿತ್ತು, ಮರು ಓಟದಲ್ಲಿ ಮತ್ತೆ ಲೋಹವಾಗಿ ಕೂರುತ್ತಿತ್ತು. ಕೂರುವಾಗ ಮೊದಲಿನ ನಯ ಉಳಿಯುತ್ತಿರಲಿಲ್ಲ. ಕ್ಷೇತ್ರಫಲ ಹೆಚ್ಚಿದರೆ ಅಂಟುವ ಅಣುಗಳೂ ಹೆಚ್ಚುತ್ತವೆ, ಅಣುಗಳು ಹೆಚ್ಚಿದರೆ ಬೆಳಕೂ ಹೆಚ್ಚುತ್ತದೆ ಎಂಬ ಸರಳ ಲೆಕ್ಕ ಅವರದು. ಆರ್ಗಾನ್ ಲೇಸರನ್ನು ಹಾಯಿಸಿದಾಗ ಪಿರಿಡೀನಿನ ಗೆರೆಗಳು ಸ್ಪಷ್ಟವಾಗಿ ಎದ್ದವು. ವೋಲ್ಟೇಜು ಬದಲಿಸಿದಂತೆ ಅವುಗಳ ಎತ್ತರವೂ ಸ್ಥಾನವೂ ಬದಲಾದವು. ಹಾಗಾಗಿ ಆ ಬೆಳಕು ಸುತ್ತಲಿನ ದ್ರಾವಣದ್ದಲ್ಲ, ಮೇಲ್ಮೈಯದೇ ಎಂಬುದು ಖಾತ್ರಿಯಾಯಿತು. 1974ರ ಮೇ ತಿಂಗಳಲ್ಲಿ ‘ಕೆಮಿಕಲ್ ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ರಾಮನ್ ಆ ಹೊತ್ತಿಗೆ ಇರಲಿಲ್ಲ, 1970ರಲ್ಲಿ ತೀರಿಕೊಂಡಿದ್ದರು.

ಸೌತಾಂಪ್ಟನ್ನಿನ ಮೂವರಿಗೆ ಬಂದ ಫಲಿತಾಂಶ ಸರಿ, ಅದಕ್ಕೆ ಕೊಟ್ಟ ಕಾರಣ ತಪ್ಪು. ಗೆರೆಗಳು ಎಷ್ಟು ಗಟ್ಟಿಯಾಗಿ ಬಂದವೆಂಬುದನ್ನು ಅವರು ಅಂಕಿಯಲ್ಲಿ ಇಳಿಸಿ ನೋಡಲಿಲ್ಲ. ಅವರಿಗೆ ಬೇಕಿದ್ದದ್ದು ವಿದ್ಯುದ್ವಾರವನ್ನು ನೋಡುವ ಕಿಟಕಿ, ಅದು ತೆರೆದಿತ್ತು.

1977ರಲ್ಲಿ ಆ ಲೆಕ್ಕ ಹಾಕಿದವರು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರಿಚರ್ಡ್ ವ್ಯಾನ್ ಡೈನ್ ಮತ್ತು ಅವರ ವಿದ್ಯಾರ್ಥಿ ಡೇವಿಡ್ ಜೀನ್‌ಮೇರ್. ಒರಟಾದ ವಿದ್ಯುದ್ವಾರದ ಕ್ಷೇತ್ರಫಲ ಹೆಚ್ಚೆಂದರೆ ಹತ್ತು ಪಟ್ಟಿನ ಆಸುಪಾಸು ಏರಬಹುದು. ದ್ರಾವಣದಲ್ಲಿರುವ ಪಿರಿಡೀನಿನ ಒಂದೊಂದು ಅಣು ಚದುರಿಸುವ ಬೆಳಕಿಗೆ ಹೋಲಿಸಿದರೆ ಬೆಳ್ಳಿಯ ಮೇಲಿನ ಅಣು ಒಂದು ಲಕ್ಷದಿಂದ ಹತ್ತು ಲಕ್ಷ ಪಟ್ಟು ಹೆಚ್ಚು ಚದುರಿಸುತ್ತಿತ್ತು. ಹತ್ತು ಪಟ್ಟಿನ ಕಾರಣದಿಂದ ಹತ್ತು ಲಕ್ಷ ಪಟ್ಟಿನ ಪರಿಣಾಮ ಹುಟ್ಟುವುದಿಲ್ಲ. ಮೇಲಾಗಿ ನೂರಾರು ಸುತ್ತು ಒರಟು ಮಾಡುವ ಅಗತ್ಯವೂ ಇಲ್ಲ, ಹಗುರವಾಗಿ ಒಮ್ಮೆ ಕರಗಿಸಿ ಕೂರಿಸಿದರೆ ರೋಹಿತ ಇನ್ನೂ ಪ್ರಬಲವಾಗುತ್ತದೆ ಎಂದು ಅವರು ಕಂಡರು. ಕ್ಷೇತ್ರಫಲದ ವಿವರಣೆಗೆ ಇದು ಕೊನೆಯ ಪೆಟ್ಟು. ಅದೇ ವರ್ಷ ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದ ಗ್ರಾಂಟ್ ಆಲ್ಬ್ರೆಕ್ಟ್ ಮತ್ತು ಅಲನ್ ಕ್ರೈಟನ್ ಸ್ವತಂತ್ರವಾಗಿ ಅದೇ ತೀರ್ಮಾನಕ್ಕೆ ಬಂದು, ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಈ ರೋಹಿತಗಳನ್ನು ಅಸಹಜವಾಗಿ ತೀವ್ರವಾದವೆಂದು ಕರೆದರು. ಎರಡೂ ಗುಂಪುಗಳ ಮಾತು ಒಂದೇ: ಅಣುಗಳ ಸಂಖ್ಯೆ ಹೆಚ್ಚಿದ್ದಲ್ಲ, ಒಂದೊಂದು ಅಣುವಿನ ಚದುರಿಸುವ ಶಕ್ತಿಯೇ ಹೆಚ್ಚಿದೆ. ಈ ವಿದ್ಯಮಾನಕ್ಕೆ ಮೇಲ್ಮೈ ವರ್ಧಿತ ರಾಮನ್ ಚದುರಿಕೆ ಎಂಬ ಹೆಸರು ನಿಂತಿತು. ಪ್ರಯೋಗಾಲಯಗಳ ಮಾತಿನಲ್ಲಿ ಅದರ ಇಂಗ್ಲಿಷ್ ಮೊದಲಕ್ಷರಗಳು ಸೇರಿ ‘ಸರ್ಸ್’ ಆಯಿತು.

ವಿವರಣೆಯ ಒಂದು ಎಳೆ ಹತ್ತೊಂಬತ್ತನೇ ಶತಮಾನದಿಂದಲೇ ಬಂದಿತ್ತು. ಮೈಕೆಲ್ ಫ್ಯಾರಡೆ 1857ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಚಿನ್ನದ ಅತಿ ಸೂಕ್ಷ್ಮ ಕಣಗಳು ತೇಲುವ ಕೆಂಪು ದ್ರವಗಳನ್ನು ಮಾಡಿ, ಅದೇ ಲೋಹ ಕಣದ ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣ ತೋರುತ್ತದೆಂದು ಹೇಳಿದ್ದರು. ಜರ್ಮನಿಯ ಗುಸ್ತಾವ್ ಮೀ 1908ರಲ್ಲಿ ಗೋಳಾಕಾರದ ಕಣ ಬೆಳಕನ್ನು ಹೇಗೆ ಹೀರಿ ಚದುರಿಸುತ್ತದೆಂಬ ಗಣಿತವನ್ನು ಪೂರ್ತಿ ಬಿಡಿಸಿಟ್ಟರು. ಲೋಹದೊಳಗೆ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳು ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕಿದಾಗ ಎಲ್ಲ ಒಟ್ಟಾಗಿ ಆ ಕಡೆ ಈ ಕಡೆ ತೂಗುತ್ತವೆ. ಈ ಸಾಮೂಹಿಕ ತೂಗಾಟಕ್ಕೆ ಪ್ಲಾಸ್ಮಾನ್ ಎಂದು ಹೆಸರು. ಕಣ ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕದಾಗಿದ್ದು, ಬೆಳಕಿನ ಆವರ್ತನ ಈ ತೂಗಾಟದ ಸಹಜ ಆವರ್ತನಕ್ಕೆ ಹೊಂದಿಬಿಟ್ಟರೆ ಅನುರಣನ ಆಗುತ್ತದೆ. ಕಣದ ಮೈಯನ್ನು ಅಂಟಿಕೊಂಡಂತೆ, ಕೆಲವೇ ನ್ಯಾನೋಮೀಟರ್ ದೂರದವರೆಗೆ, ಬಿದ್ದ ಬೆಳಕಿನ ಕ್ಷೇತ್ರಕ್ಕಿಂತ ಹಲವು ಪಟ್ಟು ಬಲವಾದ ಕ್ಷೇತ್ರ ಹುಟ್ಟುತ್ತದೆ. ಬೆಳ್ಳಿ, ಚಿನ್ನ, ತಾಮ್ರ ಈ ಮೂರರಲ್ಲೇ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಉಳಿದ ಹೆಚ್ಚಿನ ಲೋಹಗಳಲ್ಲಿ ತೂಗಾಟ ಎದ್ದ ಕೂಡಲೇ ಶಾಖವಾಗಿ ಸೋರಿಹೋಗುತ್ತದೆ.

ಟೊರಾಂಟೊ ವಿಶ್ವವಿದ್ಯಾಲಯದ ಮಾರ್ಟಿನ್ ಮಾಸ್ಕೊವಿಟ್ಸ್ 1978ರಲ್ಲಿ ಈ ಎಳೆಯನ್ನು ನೇರವಾಗಿ ಎತ್ತಿಕೊಂಡರು. ವಿದ್ಯುದ್ವಾರದ ಮೇಲಿನ ಉಬ್ಬುತಗ್ಗುಗಳು ಒಂದೊಂದೂ ಒಂದು ಲೋಹದ ಕಣದ ಹಾಗೆ ವರ್ತಿಸುತ್ತಿವೆ, ವರ್ಧನೆಯ ಮೂಲ ಅದೇ ಎಂದರು. ಹಾಗಿದ್ದರೆ ವಿದ್ಯುದ್ವಾರವೇ ಬೇಕೆಂದಿಲ್ಲ, ಬೆಳ್ಳಿಯ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುವ ಕಲಿಲದಲ್ಲೂ ಇದು ಕಾಣಬೇಕು. ಮರುವರ್ಷವೇ ಕ್ರೈಟನ್ ಮತ್ತು ಅವರ ಸಂಗಡಿಗರು ಬೆಳ್ಳಿ ಮತ್ತು ಚಿನ್ನದ ಕಲಿಲಗಳಲ್ಲಿ ಪಿರಿಡೀನಿನ ವರ್ಧಿತ ರೋಹಿತ ಪಡೆದು ತೋರಿಸಿದರು. ಸರ್ಸ್ ವಿದ್ಯುದ್ರಸಾಯನದ ಮನೆಯಿಂದ ಹೊರಬಿದ್ದದ್ದು ಆಗ. 1982ರಲ್ಲಿ ಲೀ ಮತ್ತು ಮೀಸೆಲ್ ಪ್ರಕಟಿಸಿದ ಪಾಕವಂತೂ ಎಷ್ಟು ಸುಲಭವೆಂದರೆ ಇಂದಿಗೂ ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಅದೇ ನಡೆಯುತ್ತದೆ. ಅರ್ಧ ಲೀಟರ್ ನೀರಿನಲ್ಲಿ 90 ಮಿಲಿಗ್ರಾಂ ಬೆಳ್ಳಿ ನೈಟ್ರೇಟ್ ಕರಗಿಸಿ ಕುದಿಸಬೇಕು, ಶೇಕಡ 1ರ ಸೋಡಿಯಂ ಸಿಟ್ರೇಟ್ ದ್ರಾವಣವನ್ನು 10 ಮಿಲಿಲೀಟರ್ ಸೇರಿಸಿ ಸುಮಾರು ಒಂದು ಗಂಟೆ ಕುದಿಯಲು ಬಿಡಬೇಕು. ಹಸಿರು ಮಿಶ್ರಿತ ಹಳದಿ ಬಣ್ಣದ ಮಬ್ಬು ದ್ರವ ಸಿದ್ಧ. ಅದಕ್ಕೆ ಚಿಟಿಕೆ ಉಪ್ಪು ಬಿದ್ದರೆ ಕಣಗಳು ಒಂದಕ್ಕೊಂದು ಅಂಟಿ ಗುಂಪುಗೂಡುತ್ತವೆ, ರೋಹಿತ ಒಮ್ಮೆಲೇ ಜಿಗಿಯುತ್ತದೆ. ಗುಂಪುಗೂಡಿದಾಗಲೇ ಏಕೆ ಜಿಗಿಯಬೇಕೆಂಬ ಪ್ರಶ್ನೆಯಲ್ಲಿ ಮುಂದಿನ ಎರಡು ದಶಕಗಳ ಕೆಲಸ ಅಡಗಿತ್ತು.

ಕ್ಷೇತ್ರದ ವಿವರಣೆಯ ಬಲವಿರುವುದು ಅದರ ಗಣಿತದಲ್ಲಿ. ಕಣ ಬೀಳುವ ಬೆಳಕನ್ನೂ ವರ್ಧಿಸುತ್ತದೆ, ಅಣು ಹೊರಬಿಡುವ ರಾಮನ್ ಬೆಳಕನ್ನೂ ವರ್ಧಿಸುತ್ತದೆ. ಬೆಳಕಿನ ತೀವ್ರತೆ ಕ್ಷೇತ್ರದ ವರ್ಗಕ್ಕೆ ಅನುಗುಣವಾಗಿರುವುದರಿಂದ ಎರಡೂ ಸೇರಿ ಒಟ್ಟು ವರ್ಧನೆ ಕ್ಷೇತ್ರದ ನಾಲ್ಕನೇ ಘಾತಕ್ಕೆ ಹೋಗುತ್ತದೆ. ಕ್ಷೇತ್ರ ಹತ್ತು ಪಟ್ಟಾದರೆ ರಾಮನ್ ಬೆಳಕು ಹತ್ತು ಸಾವಿರ ಪಟ್ಟು. ಕ್ಷೇತ್ರ ಮೂವತ್ತು ಪಟ್ಟಾದರೆ ಎಂಟು ಲಕ್ಷ ದಾಟುತ್ತದೆ. ಇದೇ ಕಾರಣಕ್ಕೆ ಒರಟುತನದಲ್ಲಿ ಒಂದಿಷ್ಟೇ ಹೆಚ್ಚುಕಮ್ಮಿಯಾದರೂ ಫಲಿತಾಂಶ ವಿಪರೀತ ಏರುಪೇರಾಗುತ್ತದೆ. ಈ ವಿಧಾನವನ್ನು ಹೊಗಳುವವರೂ ಶಪಿಸುವವರೂ ಒಂದೇ ಸೂತ್ರದ ಎರಡು ಮುಖಗಳನ್ನು ನೋಡುತ್ತಿರುತ್ತಾರೆ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಜರ್ಮನಿಯ ಡುಸೆಲ್‌ಡಾರ್ಫಿನ ಆಂಡ್ರಿಯಾಸ್ ಆಟೊ, ಮೇಲ್ಮೈಯ ಕೆಲವು ಸಕ್ರಿಯ ತಾಣಗಳಲ್ಲಿ ಅಣು ಲೋಹದೊಂದಿಗೆ ಎಲೆಕ್ಟ್ರಾನ್ ವಿನಿಮಯ ಮಾಡುತ್ತದೆ, ಆ ರಾಸಾಯನಿಕ ಬಂಧದಿಂದ ಅಣು ಚದುರಿಸುವ ರೀತಿಯೇ ಬದಲಾಗುತ್ತದೆ ಎಂದು ವಾದಿಸಿದರು. ಅವರ ಪಕ್ಷಕ್ಕೆ ಪುರಾವೆ ಇಲ್ಲದಿರಲಿಲ್ಲ. ಕಾರ್ಬನ್ ಮಾನಾಕ್ಸೈಡ್ ಮತ್ತು ನೈಟ್ರೋಜನ್ ಅಣುಗಳು ಬೆಳಕಿಗೆ ಸ್ಪಂದಿಸುವ ಬಗೆ ಹೆಚ್ಚುಕಡಿಮೆ ಒಂದೇ. ಒಂದೇ ಸ್ಥಿತಿಯಲ್ಲಿ ಒಂದೇ ಮೇಲ್ಮೈಯ ಮೇಲಿಟ್ಟರೆ ಮೊದಲಿನದರ ಸರ್ಸ್ ಎರಡನೆಯದಕ್ಕಿಂತ ಸುಮಾರು 200 ಪಟ್ಟು ಹೆಚ್ಚು. ಬರೀ ಕ್ಷೇತ್ರದ ಮಾತಾಗಿದ್ದರೆ ಇಷ್ಟು ಭೇದ ಇರಬಾರದಿತ್ತು. ಇನ್ನೊಂದು ಪಕ್ಷದಲ್ಲಿ ಬೆಲ್ ಲ್ಯಾಬ್ಸ್‌ನ ಚೆರ್ರಿ ಮರ್ರೆ ಮತ್ತು ಸಂಗಡಿಗರು 1981ರಲ್ಲಿ ಅಣುವಿಗೂ ಬೆಳ್ಳಿಗೂ ನಡುವೆ ಪಾಲಿಮರಿನ ತೆಳು ಪದರ ಹಾಸಿ, ಲೋಹವನ್ನು ಮುಟ್ಟದ ಅಣುವಿಗೂ ವರ್ಧನೆ ತಲುಪುತ್ತದೆಂದು ತೋರಿಸಿದರು. ಮುಟ್ಟದೆ ಬಂಧ ಎಲ್ಲಿಂದ? 1985ರಲ್ಲಿ ಮಾಸ್ಕೊವಿಟ್ಸ್ ‘ರಿವ್ಯೂಸ್ ಆಫ್ ಮಾಡರ್ನ್ ಫಿಸಿಕ್ಸ್’ಗೆ ಬರೆದ ದೀರ್ಘ ಸಮೀಕ್ಷೆಯ ಹೊತ್ತಿಗೆ ತಕ್ಕಡಿ ಕ್ಷೇತ್ರದ ಕಡೆಗೆ ವಾಲಿತ್ತು. ವರ್ಧನೆಯ ಸಿಂಹಪಾಲು ಪ್ಲಾಸ್ಮಾನಿನದು, ರಾಸಾಯನಿಕ ಬಂಧ ಅದರ ಮೇಲೆ ಸಾಮಾನ್ಯವಾಗಿ ಹತ್ತರಿಂದ ನೂರು ಪಟ್ಟು ಸೇರಿಸಬಹುದು ಎಂಬುದು ಈಗ ಬಹುಮಟ್ಟಿಗೆ ಒಪ್ಪಿತ ನಿಲುವು. ವಾದ ಪೂರ್ತಿ ಮುಗಿಯದಿದ್ದರೂ ಅದರ ಕಾವು ಆರಿತು.

ಕಾವಿನ ಜೊತೆಗೆ ಆಸಕ್ತಿಯೂ ಇಳಿಯಿತು. 1980ರ ದಶಕದ ನಡುಭಾಗದಿಂದ ಸುಮಾರು ಒಂದು ದಶಕ ಸರ್ಸ್ ಮಂಕಾಗಿತ್ತು. ಒಬ್ಬರ ಬೆಳ್ಳಿ ಇನ್ನೊಬ್ಬರ ಬೆಳ್ಳಿಯಂತಿರಲಿಲ್ಲ. ಸೋಮವಾರ ಕುದಿಸಿದ ಕಲಿಲಕ್ಕೂ ಮಂಗಳವಾರದ್ದಕ್ಕೂ ಹೊಂದಿಕೆ ಇರಲಿಲ್ಲ. ಈ ತೊಡಕಿಗೆ ಉತ್ತರ ಹುಡುಕಿದವರು, ಒರಟುತನವನ್ನು ಅದೃಷ್ಟಕ್ಕೆ ಬಿಡದೆ ಮೊದಲೇ ಲೆಕ್ಕ ಹಾಕಿ ಕಟ್ಟಬೇಕೆಂದರು. ಬೆಲ್ ಲ್ಯಾಬ್ಸ್‌ನ ಪಾಲ್ ಲಿಯಾವೊ ಮೊದಲಾದವರು 1981ರಷ್ಟು ಹಿಂದೆಯೇ, ಇಲೆಕ್ಟ್ರಾನಿಕ್ ಚಿಪ್ಪುಗಳ ಕಸುಬಿನಿಂದ ಎರವಲು ತಂದ ಲಿತೋಗ್ರಫಿಯಿಂದ ಬೆಳ್ಳಿಯ ಕಣಗಳನ್ನು ಸಾಲುಸಾಲಾಗಿ ಒಂದೇ ಅಳತೆಯಲ್ಲಿ ನಿಲ್ಲಿಸಿದ್ದರು. ಅದು ದುಬಾರಿ ಕೆಲಸ. ವ್ಯಾನ್ ಡೈನ್ ಪ್ರಯೋಗಾಲಯ ಅಗ್ಗದ ದಾರಿ ಹಿಡಿಯಿತು. ನೂರಾರು ನ್ಯಾನೋಮೀಟರ್ ಗಾತ್ರದ ಪಾಲಿಸ್ಟೈರೀನ್ ಗೋಳಗಳನ್ನು ಗಾಜಿನ ಮೇಲೆ ಹರಡಿದರೆ ಅವು ಒಣಗುತ್ತ ತಾವೇ ಒತ್ತಾಗಿ ಒಂದು ಪದರವಾಗಿ ಜೋಡಿಕೊಳ್ಳುತ್ತವೆ. ಮೇಲಿನಿಂದ ಬೆಳ್ಳಿಯ ಆವಿ ಬಿಟ್ಟರೆ ಗೋಳಗಳ ಸಂದುಗಳಲ್ಲಿ ಇಳಿದ ಬೆಳ್ಳಿ ಕೆಳಗೆ ಪುಟ್ಟ ತ್ರಿಕೋನಗಳಾಗಿ ಕೂರುತ್ತದೆ, ಗೋಳಗಳನ್ನು ಕಿತ್ತರೆ ತ್ರಿಕೋನಗಳ ಜಾಲ ಉಳಿಯುತ್ತದೆ. ಗೋಳಗಳನ್ನು ಕೀಳದೆ ಅವುಗಳ ಮೇಲೇ ಬೆಳ್ಳಿಯ ಪೊರೆ ಹೊದಿಸುವ ಇನ್ನೊಂದು ಬಗೆಯೂ ಬಂತು. ತ್ರಿಕೋನದ ಎತ್ತರ ಅಗಲ ಬದಲಿಸಿ ಪ್ಲಾಸ್ಮಾನಿನ ಬಣ್ಣವನ್ನು ಬೇಕಾದೆಡೆಗೆ ಸರಿಸಬಹುದಾದ್ದರಿಂದ, ಕೈಲಿರುವ ಲೇಸರಿಗೆ ತಕ್ಕ ಮೇಲ್ಮೈಯನ್ನು ಮಾಡುವುದು ಸಾಧ್ಯವಾಯಿತು.

ಸರ್ಸ್ ಮತ್ತೆ ಸುದ್ದಿಯಾದದ್ದು 1997ರಲ್ಲಿ. ಇಂಡಿಯಾನ ವಿಶ್ವವಿದ್ಯಾಲಯದ ಶುಮಿಂಗ್ ನೀ ಮತ್ತು ಸ್ಟೀವನ್ ಎಮರಿ ಫೆಬ್ರುವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ, ಗಾಜಿನ ಮೇಲೆ ಕೂರಿಸಿದ ಬೆಳ್ಳಿಯ ಕಣಗಳಲ್ಲಿ ಕೆಲವೇ ಕೆಲವು ಮಾತ್ರ ರೋಡಮೀನ್ 6ಜಿ ಎಂಬ ವರ್ಣದ ಒಂದೇ ಅಣುವಿನ ರೋಹಿತವನ್ನು ತೋರುತ್ತವೆ ಎಂದು ಬರೆದರು. ಮರುತಿಂಗಳು ಎಂಐಟಿಯಲ್ಲಿ ಕೆಲಸ ಮಾಡುತ್ತಿದ್ದ ಕಾಟ್ರಿನ್ ನೈಪ್ ಅವರ ತಂಡ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಅದೇ ಬಗೆಯ ವರದಿ ಕೊಟ್ಟಿತು. ಭಾರತೀಯ ಮೂಲದ ರಾಮಚಂದ್ರ ದಾಸರಿ ಆ ತಂಡದಲ್ಲಿದ್ದರು. ನೈಪ್ ತಂಡದ ಪ್ರಯೋಗದ ಜಾಣ್ಮೆ ಅದರ ದ್ರಾವಣದ ತೆಳುತನದಲ್ಲಿತ್ತು. ಬೆಳ್ಳಿಯ ಕಲಿಲಕ್ಕೆ ಕ್ರಿಸ್ಟಲ್ ವಯಲೆಟ್ ಬಣ್ಣವನ್ನು ಎಷ್ಟು ಕಡಿಮೆ ಹಾಕಿದ್ದರೆಂದರೆ, ಲೇಸರ್ ನೋಡುವ 30 ಪಿಕೊಲೀಟರ್ ಜಾಗದಲ್ಲಿ ಸರಾಸರಿ ಇರುತ್ತಿದ್ದದ್ದು 0.6 ಅಣು. ಒಂದೊಂದು ಸೆಕೆಂಡಿಗೆ ಒಂದರಂತೆ ರೋಹಿತ ತೆಗೆದಾಗ ಹೆಚ್ಚಿನ ಸಲ ಏನೂ ಇಲ್ಲ, ಕೆಲವು ಸಲ ಒಂದು ಮಟ್ಟದ ಬೆಳಕು, ಅಪರೂಪಕ್ಕೆ ಅದರ ಎರಡು ಪಟ್ಟು. ಅಣುಗಳನ್ನು ಒಂದು ಎರಡು ಎಂದು ಎಣಿಸಿದಂತೆ ಕಂಡಿತು. ಎರಡೂ ತಂಡಗಳು ವರ್ಧನೆಯನ್ನು 10ರ 14ನೇ ಘಾತದ ಆಸುಪಾಸು, ಅಂದರೆ ನೂರು ಲಕ್ಷ ಕೋಟಿ ಪಟ್ಟೆಂದು ಅಂದಾಜಿಸಿದವು.

ಈ ಅಂಕಿ ಪತ್ರಿಕೆಗಳಲ್ಲಿ, ಸಮೀಕ್ಷೆಗಳಲ್ಲಿ, ಅನುದಾನದ ಅರ್ಜಿಗಳಲ್ಲಿ ವರ್ಷಗಟ್ಟಲೆ ಓಡಾಡಿತು. ಕ್ಷೇತ್ರದ ನಾಲ್ಕನೇ ಘಾತದಿಂದ ಅದನ್ನು ತಲುಪಲು ಸಿದ್ಧಾಂತಿಗಳು ಬೆವರಿಳಿಸಿದರು. ಸ್ವೀಡನ್ನಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಹಾಂಗ್‌ಷಿಂಗ್ ಶು, ಮಿಕೇಲ್ ಕೇಲ್ ಮತ್ತು ಸಂಗಡಿಗರು 1999ರಲ್ಲಿ ಹಿಮೋಗ್ಲೋಬಿನ್ ಬಳಸಿ, ಒಂದೇ ಅಣುವಿನ ಬೆಳಕು ಬರುವುದು ಒಂಟಿ ಕಣದಿಂದಲ್ಲ, ಪರಸ್ಪರ ತಾಗುವಷ್ಟು ಹತ್ತಿರ ಬಂದ ಜೋಡಿ ಕಣಗಳ ನಡುವಿನ ಸಂದಿನಿಂದ ಎಂದು ತೋರಿಸಿದರು. ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಲೂಯಿ ಬ್ರಸ್ ಅವರ ಗುಂಪು ರೋಡಮೀನಿನಲ್ಲಿ ಅದನ್ನೇ ಕಂಡಿತು. ಒಂದೆರಡು ನ್ಯಾನೋಮೀಟರಿನ ಸಂದಿನಲ್ಲಿ ಎರಡೂ ಕಣಗಳ ಕ್ಷೇತ್ರ ಕೂಡಿ ಇಕ್ಕಟ್ಟಾಗಿ ಏರುತ್ತದೆ. ಇವೇ ಬಿಸಿತಾಣಗಳು. ಚಿಟಿಕೆ ಉಪ್ಪಿನಿಂದ ಕಲಿಲ ಗುಂಪುಗೂಡಿದಾಗ ರೋಹಿತ ಜಿಗಿಯುತ್ತಿದ್ದ ಕಾರಣವೂ ಇದರಿಂದ ಸ್ಪಷ್ಟವಾಯಿತು: ಗುಂಪು ಎಂದರೆ ಸಂದುಗಳು.

ಅಂಕಿಯ ಮರುತಪಾಸಣೆ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿನಿಂದ ಬಂತು. ವಿಕ್ಟೋರಿಯಾ ವಿಶ್ವವಿದ್ಯಾಲಯದ ಎರಿಕ್ ಲೆ ರು ಮತ್ತು ಪಾಬ್ಲೊ ಎಚೆಗೊಯಿನ್ 2006ರಲ್ಲಿ ಒಂದು ಸರಳ ಪರೀಕ್ಷೆ ಮುಂದಿಟ್ಟರು. ಎರಡು ಬೇರೆ ಬೇರೆ ವರ್ಣಗಳನ್ನು ಸಮನಾಗಿ ಬೆರೆಸಿ ಸಾವಿರಾರು ರೋಹಿತ ತೆಗೆಯುವುದು. ನಿಜವಾಗಿಯೂ ಒಂಟಿ ಅಣು ಕಾಣುತ್ತಿದ್ದರೆ ಒಂದು ರೋಹಿತದಲ್ಲಿ ಇದು, ಇನ್ನೊಂದರಲ್ಲಿ ಅದು ಬರಬೇಕು. ಎರಡೂ ಸದಾ ಬೆರೆತೇ ಬಂದರೆ ಅದು ಹಲವು ಅಣುಗಳ ಸರಾಸರಿ. ಒಂಟಿ ಅಣುವಿನ ವೀಕ್ಷಣೆ ನಿಜವೆಂದು ಈ ದಾರಿಯಿಂದ ಗಟ್ಟಿಯಾಯಿತು. ವರ್ಧನೆಯ ಅಂಕಿ ಮಾತ್ರ ಉಳಿಯಲಿಲ್ಲ. ಲೇಸರಿನ ಬಣ್ಣವನ್ನು ತಾವೇ ಹೀರುವ ವರ್ಣಗಳು ಲೋಹವಿಲ್ಲದೆಯೂ ಅನುರಣನದಿಂದ ಸಾಮಾನ್ಯ ಅಣುಗಳಿಗಿಂತ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಪಟ್ಟು ಹೆಚ್ಚು ಚದುರಿಸುತ್ತವೆ. ಅಂಥ ವರ್ಣವನ್ನು ಅನುರಣನವಿಲ್ಲದ ಸಾದಾ ದ್ರವಕ್ಕೆ ಹೋಲಿಸಿದರೆ, ವರ್ಣದ ಸ್ವಂತ ಹೆಚ್ಚಳವೂ ಬೆಳ್ಳಿಯ ಖಾತೆಗೆ ಜಮೆಯಾಗುತ್ತದೆ. 2007ರಲ್ಲಿ ಅವರ ತಂಡ ಪ್ರಕಟಿಸಿದ ವಿಸ್ತಾರವಾದ ಲೆಕ್ಕದ ಪ್ರಕಾರ ಅತಿ ಬಿಸಿಯಾದ ತಾಣದಲ್ಲೂ ವರ್ಧನೆ 10ರ 10ನೇ ಘಾತದ ಸುತ್ತಮುತ್ತ. ವರ್ಣದ ಒಂಟಿ ಅಣುವನ್ನು ಕಾಣಲು 10ರ 7 ಅಥವಾ 8ನೇ ಘಾತವೇ ಸಾಕು. ಸರ್ಸ್‌ನ ಚರಿತ್ರೆಯಲ್ಲಿ ಅತಿ ಪ್ರಯೋಜನಕಾರಿ ಪ್ರಬಂಧಗಳ ಪಟ್ಟಿ ಮಾಡಿದರೆ, ಹೊಸದೇನನ್ನೂ ಕಂಡುಹಿಡಿಯದೆ ಹಳೆಯ ಅಂಕಿಯನ್ನು ಹತ್ತು ಸಾವಿರ ಪಟ್ಟು ಇಳಿಸಿದ ಈ ಪ್ರಬಂಧಕ್ಕೆ ಮೇಲಿನ ಸ್ಥಾನ ಸಲ್ಲಬೇಕು.

ಬಿಸಿತಾಣಗಳು ಎಷ್ಟು ವಿರಳವೆಂಬುದಕ್ಕೂ ಅಳತೆ ಸಿಕ್ಕಿತು. ಇಲಿನಾಯ್ ವಿಶ್ವವಿದ್ಯಾಲಯದ ಡಾನಾ ಡ್ಲಾಟ್ ಅವರ ಗುಂಪು 2008ರಲ್ಲಿ, ಗೋಳಗಳ ಮೇಲೆ ಬೆಳ್ಳಿ ಹೊದಿಸಿದ ಮೇಲ್ಮೈಯೊಂದರಲ್ಲಿ, ಪ್ರಖರ ಲೇಸರ್ ಸ್ಪಂದಗಳಿಂದ ಬಿಸಿಯಾದ ತಾಣದ ಅಣುಗಳನ್ನು ಮೊದಲು, ತಣ್ಣನೆಯ ತಾಣದವನ್ನು ಆಮೇಲೆ ಸುಡುತ್ತಾ ಹೋಗಿ, ಯಾವ ವರ್ಧನೆಯ ತಾಣಗಳು ಎಷ್ಟಿವೆಯೆಂದು ಲೆಕ್ಕ ಮಾಡಿತು. ನೂರು ಕೋಟಿ ಪಟ್ಟಿಗಿಂತ ಹೆಚ್ಚು ವರ್ಧಿಸುವ ತಾಣಗಳು ಹತ್ತು ಲಕ್ಷಕ್ಕೆ 63 ಮಾತ್ರ. ಒಟ್ಟು ಬೆಳಕಿನಲ್ಲಿ ಅವುಗಳ ಪಾಲು ಶೇಕಡ 24. 1974ರಲ್ಲಿ ಕ್ಷೇತ್ರಫಲ ಹೆಚ್ಚಿದ್ದರಿಂದ ಬೆಳಕು ಹೆಚ್ಚಿತೆಂದು ಅಂದುಕೊಂಡದ್ದಕ್ಕೆ ಇದು ನೇರ ವಿರುದ್ಧ. ಬೆಳಕಿನ ಸುಮಾರು ಕಾಲುಭಾಗ ಬರುತ್ತಿದ್ದದ್ದು ಮೇಲ್ಮೈಯ ಅತ್ಯಲ್ಪ ಭಾಗದಿಂದ.

ಬೆಳ್ಳಿ, ಚಿನ್ನ, ತಾಮ್ರಗಳಾಚೆ ಹೋಗುವ ಪ್ರಯತ್ನಕ್ಕೆ ಸೌತಾಂಪ್ಟನ್ನಿನ ನಂಟೇ ಮತ್ತೆ ಕಾರಣವಾಯಿತು. ಫ್ಲೈಷ್‌ಮನ್ ಕೈಕೆಳಗೆ ಅಲ್ಲಿ 1987ರಲ್ಲಿ ಪಿಎಚ್‌.ಡಿ. ಮುಗಿಸಿದ ತ್ಯಾನ್ ಝಾಂಗ್‌ಚುನ್ ಚೀನಾದ ಶ್ಯಾಮೆನ್ ವಿಶ್ವವಿದ್ಯಾಲಯಕ್ಕೆ ಮರಳಿ, ಪ್ಲಾಟಿನಂ, ನಿಕ್ಕಲ್, ಕಬ್ಬಿಣದಂಥ ಲೋಹಗಳ ಮೇಲೂ ರೋಹಿತ ಪಡೆಯಲು ವರ್ಷಗಟ್ಟಲೆ ಶ್ರಮಿಸಿದರು. ಉದ್ಯಮದಲ್ಲಿ ವೇಗವರ್ಧಕಗಳಾಗಿ ದುಡಿಯುವ ಲೋಹಗಳು ಇಂಥವೇ. 2010ರಲ್ಲಿ ಅವರ ತಂಡ ‘ನೇಚರ್’ನಲ್ಲಿ ತೋರಿಸಿದ ಉಪಾಯ ಅಚ್ಚುಕಟ್ಟಾದದ್ದು. ಸುಮಾರು 55 ನ್ಯಾನೋಮೀಟರಿನ ಚಿನ್ನದ ಕಣಗಳಿಗೆ 2ರಿಂದ 4 ನ್ಯಾನೋಮೀಟರ್ ದಪ್ಪದ ಸಿಲಿಕಾ ಚಿಪ್ಪು ಹೊದಿಸಿ, ಅವನ್ನು ಪರೀಕ್ಷಿಸಬೇಕಾದ ಮೇಲ್ಮೈಯ ಮೇಲೆ ಹರಡುವುದು. ಚಿಪ್ಪಿನಿಂದಾಗಿ ಚಿನ್ನ ಯಾವ ಅಣುವನ್ನೂ ಮುಟ್ಟುವುದಿಲ್ಲ, ಕ್ಷೇತ್ರ ಮಾತ್ರ ಚಿಪ್ಪು ದಾಟಿ ಹೋಗುತ್ತದೆ. ಮೇಲ್ಮೈ ಒರಟಾಗಿರಬೇಕೆಂಬ ನಿಯಮವೇ ಹೀಗೆ ಸಡಿಲಾಯಿತು. ಕಿತ್ತಳೆಯ ಸಿಪ್ಪೆಯ ಮೇಲೆ ಈ ಕಣಗಳನ್ನು ಹರಡಿ ಕೀಟನಾಶಕದ ಉಳಿಕೆಯನ್ನೂ ಅವರು ಗುರುತಿಸಿದರು. ಗುರುವಿನ ಹೆಸರು ಈ ನಡುವೆ ಬೇರೆ ಕಾರಣಕ್ಕೆ ಜಗತ್ತಿಗೆಲ್ಲ ಗೊತ್ತಾಗಿತ್ತು. 1989ರಲ್ಲಿ ಫ್ಲೈಷ್‌ಮನ್ ಮತ್ತು ಸ್ಟ್ಯಾನ್ಲಿ ಪಾನ್ಸ್ ಕೋಣೆಯ ಉಷ್ಣತೆಯಲ್ಲೇ ಪರಮಾಣು ಸಮ್ಮಿಲನ ಸಾಧಿಸಿದ್ದೇವೆಂದು ಘೋಷಿಸಿದರು, ಅದು ನಿಲ್ಲಲಿಲ್ಲ. 2012ರಲ್ಲಿ ಅವರು ತೀರಿಕೊಂಡಾಗಲೂ ಹೆಚ್ಚಿನವರು ನೆನೆದದ್ದು ಆ ಸೋಲನ್ನೇ.

ಮೇಲ್ಮೈಯ ಬಿಸಿತಾಣವನ್ನು ಹುಡುಕುವ ಬದಲು ಅದನ್ನು ಸೂಜಿಯ ತುದಿಯಲ್ಲಿ ಹೊತ್ತೊಯ್ಯುವ ಯೋಚನೆಯೂ ಬೆಳೆಯಿತು. 2000ರಲ್ಲಿ ಜ್ಯೂರಿಕ್‌ನ ರೆನಾಟೊ ಝೆನೊಬಿ ಅವರ ಗುಂಪು, ಒಸಾಕಾದ ಸಾತೋಶಿ ಕವಾತಾ ಅವರ ಗುಂಪು ಮತ್ತು ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಮಾರ್ಕ್ ಆಂಡರ್ಸನ್ ಬೇರೆ ಬೇರೆಯಾಗಿ, ಶೋಧಕ ಸೂಕ್ಷ್ಮದರ್ಶಕದ ತುದಿಗೆ ಬೆಳ್ಳಿ ಅಥವಾ ಚಿನ್ನ ಹೊದಿಸಿ ಆ ಒಂದೇ ಬಿಂದುವಿನ ರಾಮನ್ ಬೆಳಕನ್ನು ವರ್ಧಿಸಿ ತೋರಿಸಿದರು. ಚೀನಾದ ಹೆಫೆಯ ತಂಡ 2013ರಲ್ಲಿ ಇದೇ ದಾರಿಯಲ್ಲಿ ಹೋಗಿ ಒಂದು ನ್ಯಾನೋಮೀಟರಿಗಿಂತ ಸೂಕ್ಷ್ಮವಾಗಿ ಒಂದೇ ಅಣುವಿನ ಒಳಭಾಗಗಳನ್ನು ಬೇರ್ಪಡಿಸಿ ತೋರಿಸಿತು.

ಬಳಕೆಯ ಚರಿತ್ರೆಯಲ್ಲಿ ಕಲೆಯ ಪಾಲು ಅನಿರೀಕ್ಷಿತ. ಹಳೆಯ ಚಿತ್ರಗಳಲ್ಲಿ ಬಳಸಿದ ಸಸ್ಯ ಮತ್ತು ಕೀಟಮೂಲದ ಬಣ್ಣಗಳು ಲೇಸರಿಗೆ ಸಿಕ್ಕರೆ ಪ್ರತಿದೀಪ್ತಿಯಿಂದ ಹೊಳೆಯುತ್ತವೆ, ಆ ಹೊಳಪಿನಲ್ಲಿ ರಾಮನ್ ಗೆರೆಗಳು ಮುಳುಗಿಹೋಗುತ್ತವೆ. ಲೋಹದ ಸಮೀಪ ಪ್ರತಿದೀಪ್ತಿ ನಂದುತ್ತದೆ, ರಾಮನ್ ಏರುತ್ತದೆ. ಕಣ್ಣಿಗೆ ಕಾಣದಷ್ಟು ಚೂರು ಸಾಕಾಗುವುದರಿಂದ ಕೃತಿಗೆ ಗಾಯವೂ ಆಗುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಮಾರ್ಕೊ ಲಿಯೊನಾ 2009ರಲ್ಲಿ ಸುಮಾರು ನಾಲ್ಕು ಸಾವಿರ ವರ್ಷ ಹಳೆಯ ಈಜಿಪ್ಟಿನ ಚರ್ಮದ ಬತ್ತಳಿಕೆಯ ತುಣುಕಿನಲ್ಲಿ ಮಂಜಿಷ್ಠದ ಜಾತಿಯ ಬೇರಿನ ಕೆಂಪು ಬಣ್ಣವನ್ನು ಗುರುತಿಸಿದರು. ಶಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿರುವ ರೆನ್ವಾರ್ 1883ರಲ್ಲಿ ಬಿಡಿಸಿದ ‘ಮದಾಂ ಲಿಯೋನ್ ಕ್ಲಾಪಿಸೋನ್’ ಚಿತ್ರದ ಹಿನ್ನೆಲೆ ಈಗ ತಣ್ಣನೆಯ ನೀಲಿಬೂದು. ಚೌಕಟ್ಟಿನ ಅಂಚಿನಡಿ ಬೆಳಕು ತಾಗದೆ ಉಳಿದಿದ್ದ ಬಣ್ಣವನ್ನು ವ್ಯಾನ್ ಡೈನ್ ಅವರ ಗುಂಪಿನ ಜೊತೆ ಪರೀಕ್ಷಿಸಿದಾಗ ಅದು ಕೊಚಿನೀಲ್ ಕೀಟದಿಂದ ಬಂದ ಕಡುಗೆಂಪೆಂದು ತಿಳಿಯಿತು. 2014ರಲ್ಲಿ ಮೂಲ ಬಣ್ಣದ ಡಿಜಿಟಲ್ ಪುನರ್ರಚನೆಯೊಂದಿಗೆ ಅಲ್ಲಿ ಪ್ರದರ್ಶನವೂ ನಡೆಯಿತು. ಇದೇ ವ್ಯಾನ್ ಡೈನ್ ಪ್ರಯೋಗಾಲಯ 2005ರಲ್ಲಿ ಆಂಥ್ರಾಕ್ಸ್ ಬೀಜಕಗಳ ಗುರುತಾದ ಡೈಪಿಕೊಲಿನಿಕ್ ಆಮ್ಲವನ್ನು ಸೋಂಕು ತಗಲುವ ಪ್ರಮಾಣಕ್ಕಿಂತ ಕಡಿಮೆ ಬೀಜಕಗಳಲ್ಲೇ ಪತ್ತೆ ಮಾಡಿತ್ತು; ಇಲಿಗಳ ದೇಹದೊಳಗೆ ಗ್ಲೂಕೋಸ್ ಅಳೆಯುವ ಪ್ರಯತ್ನವನ್ನೂ ನಡೆಸಿತ್ತು. ವ್ಯಾನ್ ಡೈನ್ 2019ರಲ್ಲಿ ನಿಧನರಾದರು.

ರಾಮನ್ ಉಪನ್ಯಾಸ ನೀಡಿದ್ದ ಬೆಂಗಳೂರಿನಲ್ಲೂ ಸರ್ಸ್ ಕೆಲಸ ನಡೆಯಿತು. ಅಲ್ಲಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಚಂದ್ರಭಾಸ್ ನಾರಾಯಣ, ಅವರ ವಿದ್ಯಾರ್ಥಿ ಜಿ. ವಿ. ಪವನ್ ಕುಮಾರ್ ಮತ್ತು ಜೀವವಿಜ್ಞಾನಿ ತಪಸ್ ಕುಂಡು 2006ರಲ್ಲಿ, ಜೀನುಗಳ ಅಭಿವ್ಯಕ್ತಿಯಲ್ಲಿ ಪಾತ್ರ ವಹಿಸುವ ಪಿ300 ಎಂಬ ದೊಡ್ಡ ಪ್ರೋಟೀನಿನ ಸರ್ಸ್ ರೋಹಿತವನ್ನು ದಾಖಲಿಸಿದರು. ಸಾಮಾನ್ಯ ಪ್ರತಿದೀಪ್ತಿ ಸೂಕ್ಷ್ಮದರ್ಶಕವನ್ನೇ ಸರ್ಸ್‌ಗೆ ಒಗ್ಗಿಸಿಕೊಳ್ಳುವ ವಿಧಾನವನ್ನು 2007ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ವಿವರಿಸಿದವರೂ ಇದೇ ಗುಂಪಿನವರು. ಕೋಟಿಗಟ್ಟಲೆ ಬೆಲೆಯ ಉಪಕರಣ ಕೊಳ್ಳಲಾಗದ ಪ್ರಯೋಗಾಲಯಗಳಿಗೆ ಅದು ಹೆಚ್ಚು ಉಪಯುಕ್ತವಾದ ಪ್ರಬಂಧ. ರಾಮನ್ ರೋಹಿತ ವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನ 2012ರಲ್ಲಿ ಬೆಂಗಳೂರಿನಲ್ಲಿ ಸೇರಿತು.

ಒಂದೇ ಮೇಲ್ಮೈ ಎಲ್ಲರ ಕೈಯಲ್ಲೂ ಒಂದೇ ಫಲ ಕೊಡಬೇಕೆಂಬ ಹಳೆಯ ಬೇಡಿಕೆ ಮಾತ್ರ ಇನ್ನೂ ಪೂರ್ತಿ ಈಡೇರಿಲ್ಲ. ಸಿಲಿಕಾನಿನಲ್ಲಿ ತಲೆಕೆಳಗಾದ ಪಿರಮಿಡ್ ಆಕಾರದ ಗುಳಿಗಳನ್ನು ಕೊರೆದು ಚಿನ್ನ ಹೊದಿಸಿದ ಕ್ಲಾರೈಟ್ ಎಂಬ ಫಲಕ 2000ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ತಂದ ಕಂಪನಿಯೂ ಸೌತಾಂಪ್ಟನ್ನಿನದೇ. ಅಳತೆಯಲ್ಲಿ ಏರುಪೇರು ಕಡಿಮೆ, ವರ್ಧನೆಯೂ ಕಡಿಮೆ. ಸಂದು ಕಿರಿದಾದಷ್ಟೂ ಬೆಳಕು ಹೆಚ್ಚು, ಸಂದು ಕಿರಿದಾದಷ್ಟೂ ಅದನ್ನು ಒಂದೇ ಅಳತೆಯಲ್ಲಿ ಮತ್ತೆ ಮತ್ತೆ ಮಾಡುವುದು ಕಷ್ಟ. ಯುರೋಪಿನ 15 ಪ್ರಯೋಗಾಲಯಗಳ 44 ಸಂಶೋಧಕರು ಸೇರಿ, ಅಡೆನೀನ್ ಅಣುವಿನ ಪ್ರಮಾಣವನ್ನು ಮೊದಲೇ ಬರೆದಿಟ್ಟ ಒಂದೇ ವಿಧಿಯಂತೆ ತಮ್ಮ ತಮ್ಮ ಯಂತ್ರಗಳಲ್ಲಿ ಅಳೆದು, ಒಬ್ಬರ ಅಂಕಿ ಇನ್ನೊಬ್ಬರದಕ್ಕೆ ಎಷ್ಟು ಹೊಂದುತ್ತದೆಂದು ನೋಡಿದ ವರದಿ 2020ರಲ್ಲಿ ‘ಅನಲಿಟಿಕಲ್ ಕೆಮಿಸ್ಟ್ರಿ’ಯಲ್ಲಿ ಬಂತು. ಪ್ರಮಾಣದ ಅಳತೆಯಲ್ಲಿ ಸರ್ಸ್ ಅನ್ನು ಅಷ್ಟು ದೊಡ್ಡ ಮಟ್ಟದಲ್ಲಿ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹೋಲಿಸುವ ಕೆಲಸಕ್ಕೆ ಕೈಹಾಕಲು ಬೆಳ್ಳಿಯ ಮೇಲಿನ ಪಿರಿಡೀನ್ ಕಂಡ ಮೇಲೆ 46 ವರ್ಷ ಬೇಕಾಯಿತು.